ಫ್ರಿಜ್ಜಿನಲ್ಲಿ ಪರೀಕ್ಷೆಗೆ ಕೂತ ಗಡಿಯಾರಗಳು

ನಿನ್ನೆ ಫ್ರಿಜ್ ತೊಳೆಯುವಾಗ ಕೆಳಗಿನ ತಟ್ಟೆಯ ಮೂಲೆಯಲ್ಲಿ, ಉಪ್ಪಿನಕಾಯಿ ಬಾಟಲಿಯ ಹಿಂದೆ, ಒಂದು ಪುಟ್ಟ ಬಿಳಿ ಪೊಟ್ಟಣ ಸಿಕ್ಕಿತು. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಹರಳುಗಳ ಪೊಟ್ಟಣ, ಅದು. ಬೇರೆಯವರಾಗಿದ್ದರೆ ಕಸದ ಬುಟ್ಟಿಗೆ ಹಾಕಿ ಮರೆಯುತ್ತಿದ್ದರು. ನಾನು ಮಾತ್ರ ಅದನ್ನು ಕೈಯಲ್ಲಿ ಹಿಡಿದು, ಬಾಗಿಲನ್ನು ತೆರೆದೇ ಇಟ್ಟು, ಮೊದಲು ಒಬ್ಬಳೇ ಸಿಟ್ಟು ಮಾಡಿಕೊಂಡೆ, ಆಮೇಲೆ ಒಬ್ಬಳೇ ನಕ್ಕೆ. ಹಾಲು ಕೆಟ್ಟಿತೇ ಎಂದು ಕೇಳಿಕೊಂಡು ಮಗಳು ಬಂದಳು. ಇಲ್ಲ, ಹಳೆಯದೊಂದು ನೆನಪಾಯಿತು ಎಂದೆ. 'ಓಹ್, ದಿ ವಾಚಸ್,' ಎಂದು ಅವಳು ಭುಜ ಕುಣಿಸಿ ಹೋದಳು.

ಹೌದು, ವಾಚುಗಳೇ. ಹೋದ ವರ್ಷ ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಫ್ರಿಜ್ಜಿನಲ್ಲಿ ಹಾಲು, ಮೊಸರು, ದೋಸೆ ಹಿಟ್ಟಿನ ಜೊತೆಗೆ ಇಂಗ್ಲೆಂಡಿನ ಹಳೆಯ ಜೇಬು ಗಡಿಯಾರಗಳೂ ವಾಸವಾಗಿದ್ದವು. ಸರಿಯಾಗಿ ಹೇಳಬೇಕೆಂದರೆ ಮೇಲಿನ ಹಲಗೆ ಪೂರ್ತಿ ಅವುಗಳದ್ದು. ದೋಸೆ ಹಿಟ್ಟು ಕೆಳಗೆ ತರಕಾರಿಯ ಡ್ರಾಯರಿನಲ್ಲಿ ಬಡ ನೆಂಟನ ಹಾಗೆ ಮುದುಡಿಕೊಂಡಿತ್ತು. ಬಾಗಿಲ ಮೇಲೆ ನಮ್ಮೆಜಮಾನರ ಕೈಬರಹದಲ್ಲಿ ಒಂದು ಚೀಟಿ: 'ಟ್ರಯಲ್ ನಡೆಯುತ್ತಿದೆ. ಅನಗತ್ಯವಾಗಿ ತೆರೆಯಬೇಡಿ.' ಮನೆಯಲ್ಲಿ ಅನ್ನ ಬೇಯಿಸುವವಳಿಗೆ ಅನಗತ್ಯ ಯಾವುದು, ಅಗತ್ಯ ಯಾವುದು ಎಂದು ಚೀಟಿ ಬರೆದು ತಿಳಿಸುವ ಧೈರ್ಯ ಒಳ್ಳೆಯ ಕಾಲದಲ್ಲಿ ಅವರಿಗೆ ಇರುವುದಿಲ್ಲ. ಸಂಘದ ಬಲ ಬಂದರೆ ಗಂಡಸರು ಬದಲಾಗುತ್ತಾರೆ.

ದುಬೈಗೆ ಬಂದು ನೆಲೆನಿಂತ ನಮ್ಮ ಕಡೆಯ ಗಂಡಸರಿಗೆ ಒಂದು ವಯಸ್ಸು ದಾಟಿದ ಮೇಲೆ ಏನಾದರೊಂದು ಹಿಡಿದುಕೊಳ್ಳುತ್ತದೆ. ಕೆಲವರು ಬಿಗಿಯಾದ ಚಡ್ಡಿ ಹಾಕಿಕೊಂಡು ಮರಳುಗಾಡಿನಲ್ಲಿ ಸೈಕಲ್ ತುಳಿಯುತ್ತಾರೆ. ಕೆಲವರು ರಾಜ್ಯೋತ್ಸವದ ವೇದಿಕೆಯಲ್ಲಿ ಮೈಕು ಹಿಡಿದು ಹಾಡುತ್ತಾರೆ, ನಾವು ಚಪ್ಪಾಳೆ ತಟ್ಟಬೇಕು. ನಮ್ಮೆಜಮಾನರಿಗೆ ಹಿಡಿದದ್ದು ಗಡಿಯಾರ. ಅದೂ ಇಡೀ ಗಡಿಯಾರವಾದರೆ ಒಂದು ಮಾತು. ಇವರು ಕೊಳ್ಳುವುದು ಮುಳ್ಳುಗಳ ಸಮೇತ ಅದರ ಒಳಗಿನ ಯಂತ್ರವನ್ನು ಮಾತ್ರ. ಅದಕ್ಕೆ 'ಮೂವ್‌ಮೆಂಟ್' ಎನ್ನಬೇಕಂತೆ. ನಾನು ಕರುಳು ಎನ್ನುತ್ತೇನೆ. ಹಿಂದೆ ಇಂಗ್ಲೆಂಡಿನ ಒಳ್ಳೆಯ ಗಡಿಯಾರಗಳಿಗೆಲ್ಲ ಚಿನ್ನದ ಇಲ್ಲವೆ ಬೆಳ್ಳಿಯ ಕವಚ ಇರುತ್ತಿತ್ತು. ಕಾಲ ಕೆಟ್ಟಾಗ ಬುದ್ಧಿವಂತರು ಕವಚ ಬಿಚ್ಚಿ ಕರಗಿಸಿದರು, ಕರುಳನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲೆ ಎಸೆದರು. ಆ ಡಬ್ಬಿಗಳನ್ನು ಹುಡುಕಿ ತರಿಸಿಕೊಳ್ಳುವವರು ನಮ್ಮವರು. ಚಿನ್ನಕ್ಕೆ ಹೆಸರಾದ ಊರಿನಲ್ಲಿ ಕೂತುಕೊಂಡು, ಚಿನ್ನ ತೆಗೆದು ಉಳಿದದ್ದನ್ನು ಕೊಳ್ಳುವವರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಸುಳ್ಳು ಹೇಳುವುದಿಲ್ಲ, ಒಮ್ಮೆ ಭೂತಗನ್ನಡಿ ಹಿಡಿದು ನೋಡಿದೆ. ಹಿತ್ತಾಳೆಯ ತಟ್ಟೆಯ ಮೇಲೆ ಬಳ್ಳಿ, ಎಲೆ, ಹೂವು ಕೆತ್ತಿದ್ದರು. ಒಳಗೆ ಸೈಕಲ್ ಚೈನಿನ ಹಾಗೆಯೇ ಇರುವ, ಆದರೆ ದಾರದಷ್ಟು ಸಣ್ಣ ಸರಪಳಿ ಒಂದು ಶಂಕುವಿನ ಸುತ್ತ ಸುತ್ತಿಕೊಂಡಿತ್ತು. ಸ್ಪ್ರಿಂಗು ಬಿಗಿಯಾಗಿದ್ದಾಗಲೂ ಸಡಿಲವಾದಾಗಲೂ ಎಳೆತ ಒಂದೇ ಸಮ ಇರಲಿ ಎಂದು ಈ ಏರ್ಪಾಡು. ಕವಚ ಮುಚ್ಚಿದರೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಯಾರೋ ಪುಣ್ಯಾತ್ಮ ಕೂತು ಹೂವು ಕೆತ್ತಿದ್ದ. ಚೆನ್ನಾಗಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವತ್ತಿನಿಂದ ನಮ್ಮೆಜಮಾನರು ಬಂದವರಿಗೆಲ್ಲ 'ನಮ್ಮ ಸುಮಾಗೂ ಇಂಟರೆಸ್ಟ್ ಇದೆ' ಎಂದು ಹೇಳಿಕೊಂಡು ತಿರುಗಿದರು.

ಒಬ್ಬೊಬ್ಬರೇ ಹಾಳಾಗುವುದಕ್ಕಿಂತ ಒಟ್ಟಿಗೆ ಹಾಳಾಗುವುದು ಸುಖ ಎಂದು ತಿಳಿದ ಇಂಥ ನಾಲ್ಕಾರು ಜನ ಸೇರಿ ಒಂದು ಬಳಗ ಮಾಡಿಕೊಂಡರು. ಅಧ್ಯಕ್ಷರು ಅನಂತಸ್ವಾಮಿಯವರು, ಬೆಂಗಳೂರಿನವರು, ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆ, ವಿಲ್ಲಾದಲ್ಲಿ ವಾಸ. ಕಾರ್ಯದರ್ಶಿ ನಮ್ಮೆಜಮಾನರು, ಮೈಸೂರಿನವರು, ಕಟ್ಟಡಗಳಿಗೆ ಏಸಿ ಕೂರಿಸುವ ಕಂಪನಿಯ ಆಫೀಸಿನಲ್ಲಿ ಕೆಲಸ. ಅಂದರೆ ಅಧ್ಯಕ್ಷರು ಮಾತಾಡುತ್ತಾರೆ, ಕೆಲಸ ಕಾರ್ಯದರ್ಶಿಯದ್ದು. ಇಂಗ್ಲೆಂಡಿನ ಒಂದು ವೀಕ್ಷಣಾಲಯದಲ್ಲಿ ಹಿಂದೆ ಗಡಿಯಾರಗಳಿಗೆ ಪರೀಕ್ಷೆ ನಡೆಸುತ್ತಿದ್ದರಂತೆ. ಅಂಗಾತ ಮಲಗಿಸಿ, ಬೋರಲು ಮಲಗಿಸಿ, ನೆಟ್ಟಗೆ ನಿಲ್ಲಿಸಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಆಮೇಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಕೊನೆಗೆ ಕಾದ ಒಲೆಯಲ್ಲಿಟ್ಟು, ಪ್ರತಿದಿನ ಎಷ್ಟು ತಪ್ಪಿತು ಎಂದು ನೋಡುತ್ತಿದ್ದರಂತೆ. ಪಾಸಾದರೆ ಸರ್ಟಿಫಿಕೇಟು. ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಮ್ಮ ಬಳಗದವರೂ ಪರೀಕ್ಷೆ ನಡೆಸಲು ನಿರ್ಧರಿಸಿದರು. ಮಂಜುಗಡ್ಡೆಯ ಪೆಟ್ಟಿಗೆಗೆ ಫ್ರಿಜ್ಜು. ಒಲೆಗೆ ಜೂನ್ ತಿಂಗಳ ಬಾಲ್ಕನಿ. ಅಷ್ಟರಮಟ್ಟಿಗೆ ದುಬೈ ಅವರಿಗೆ ಅನುಕೂಲ ಮಾಡಿಕೊಟ್ಟಿತು.

ಯಾರ ಫ್ರಿಜ್ಜು ಎಂಬ ಪ್ರಶ್ನೆ ಬಂದಾಗ ಅಧ್ಯಕ್ಷರ ಹೆಂಡತಿ, ನಮ್ಮ ಮನೆಯದ್ದು ಆಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆಕೆಯ ಮೇಲೆ ನನಗೆ ಇವತ್ತಿಗೂ ಗೌರವವಿದೆ. ನಮ್ಮವರು ಮನೆಗೆ ಬಂದು ಕೇಳಲೇ ಇಲ್ಲ, ಡಬ್ಬಿಗಳನ್ನು ತಂದು, ತೇವ ತಾಗದಿರಲೆಂದು ಒಂದೊಂದರಲ್ಲೂ ಒಂದು ಬಿಳಿ ಪೊಟ್ಟಣ ಹಾಕಿ, ಜೋಡಿಸಿದರು.

ಈ ಪರೀಕ್ಷೆಯ ಒಂದು ನಿಯಮ ಮಾತ್ರ ನನಗೆ ಬಹಳ ಹಿಡಿಸಿತು. ಗಡಿಯಾರ ತಪ್ಪು ತೋರಿಸಿದರೆ ದೋಷವಿಲ್ಲವಂತೆ. ಪ್ರತಿದಿನ ಅಷ್ಟೇ ತಪ್ಪಬೇಕು. ಇವತ್ತು ಸ್ವಲ್ಪ, ನಾಳೆ ಜಾಸ್ತಿ, ನಾಡಿದ್ದು ಮುಂದೆ ಎಂದಾದರೆ ಫೇಲು. 'ಸ್ಥಿರತೆ ಮುಖ್ಯ ಕಣೇ, ಸರಿ-ತಪ್ಪು ಆಮೇಲೆ,' ಎಂದರು ನಮ್ಮೆಜಮಾನರು. ಈ ಲೆಕ್ಕದಲ್ಲಿ ನೋಡಿದರೆ ಅವರೇ ಒಂದು ಉತ್ತಮ ಗಡಿಯಾರ. ಮದುವೆಯಾದಾಗಿನಿಂದ ಪ್ರತಿ ಸಮಾರಂಭಕ್ಕೂ ಒಂದೇ ಪ್ರಮಾಣದಲ್ಲಿ ತಡವಾಗಿದ್ದಾರೆ. ನಾನು ಹಾಗಲ್ಲ. ಒಂದು ದಿನ ಗಂಟೆ ಮೊದಲೇ ತಯಾರಾಗಿ ಎಲ್ಲರನ್ನೂ ಬೈಯುತ್ತೇನೆ, ಇನ್ನೊಂದು ದಿನ ಸೀರೆಯ ನೆರಿಗೆ ಸರಿಬಾರದೆ ಎಲ್ಲರನ್ನೂ ಕಾಯಿಸುತ್ತೇನೆ. ನನ್ನನ್ನು ಯಾವ ವೀಕ್ಷಣಾಲಯವೂ ಪಾಸು ಮಾಡುವುದಿಲ್ಲ.

ಇಷ್ಟರಲ್ಲಿ ಸಂಜೀವ ಮಾವ ಅಬುಧಾಬಿಯಿಂದ ಬಂದರು. ಅವರ ಬಗ್ಗೆ ಹೇಳದಿದ್ದರೆ ಈ ಪೊಟ್ಟಣದ ಕತೆಗೆ ಅರ್ಥವೇ ಇಲ್ಲ.

ಸಂಜೀವ ಮಾವ ನನ್ನ ಅಮ್ಮನ ತಮ್ಮ. ಪಡುಬಿದ್ರಿಯವರು. ನಾನು ಸಣ್ಣವಳಿದ್ದಾಗ ಅಬುಧಾಬಿಯಲ್ಲಿ ನಮ್ಮದೂ ಅವರದೂ ಒಂದೇ ಫ್ಲ್ಯಾಟು. ನಡುವೆ ಪ್ಲೈವುಡ್ಡಿನ ಗೋಡೆ, ಈ ಬದಿ ಅಪ್ಪ, ಅಮ್ಮ, ನಾನು. ಆ ಬದಿ ಮಾವ, ಅತ್ತೆ. ಗೋಡೆಗೆ ಹೊಡೆದ ಒಂದು ಮೊಳೆಯಲ್ಲಿ ಮಾವನ ಜೇಬು ಗಡಿಯಾರ ತೂಗುತ್ತಿತ್ತು. ಅದರ ಟಿಕ್ ಟಿಕ್ ಎರಡೂ ಸಂಸಾರಕ್ಕೆ ಕೇಳುತ್ತಿತ್ತು. ಆ ಕಡೆ ಜಗಳವಾದರೆ ಮಾತು ನಿಂತು ಟಿಕ್ ಟಿಕ್ ಮಾತ್ರ ಕೇಳುವುದು. ಅಮ್ಮ ಆಗ ಒಂದು ತಟ್ಟೆಯಲ್ಲಿ ಏನಾದರೂ ತಿಂಡಿ ಹಾಕಿ ನನ್ನ ಕೈಯಲ್ಲಿ ಅತ್ತೆಗೆ ಕಳಿಸುತ್ತಿದ್ದಳು.

ಆ ಗಡಿಯಾರಕ್ಕೆ ಕೀಲಿ ಕೊಡಲು ಬೇರೆಯೇ ಒಂದು ಪುಟ್ಟ ಬೀಗದ ಕೈ. ಮಾವ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಬೆಳಿಗ್ಗೆ ಲುಂಗಿಯಲ್ಲಿ ನಿಂತು, ಗಡಿಯಾರದ ಹಿಂಬದಿ ತೆರೆದು, ಹೊಟ್ಟೆಯ ಹತ್ತಿರ ಹಿಡಿದು ಕಿರ್ ಕಿರ್ ಎಂದು ತಿರುಗಿಸುತ್ತಿದ್ದರು. ದಾರ ಗಿಡ್ಡ, ಗಡಿಯಾರವನ್ನು ಹೊಟ್ಟೆಗೆ ಒತ್ತಿಕೊಳ್ಳದೆ ವಿಧಿಯಿಲ್ಲ. ಮಾವ ಗಡಿಯಾರಕ್ಕೆ ಹಾಲು ಕುಡಿಸುತ್ತಾರೆ ಎಂದು ನಾನು ಶಾಲೆಯಲ್ಲಿ ಹೇಳಿ ನಗೆಪಾಟಲಾಗಿದ್ದೆ. ಕೀಲಿ ಕೊಟ್ಟಾದ ಮೇಲೆ ಅದನ್ನು ನನ್ನ ಕಿವಿಗೆ ಹಿಡಿದು, 'ಕೇಳಿತಾ? ಹೋಗು, ಬಸ್ ಬಂತು,' ಎನ್ನುತ್ತಿದ್ದರು. ಕೆಳಗೆ ಶಾಲೆಯ ಬಸ್ಸಿನ ಮಲಯಾಳಿ ಡ್ರೈವರು ಹಾರ್ನ್ ಒತ್ತಿ ಹಿಡಿದಿರುತ್ತಿದ್ದ. ಗಡಿಯಾರ ಸರಿಯಿತ್ತೋ, ಡ್ರೈವರು ಸರಿಯಿದ್ದನೋ, ಒಟ್ಟಿನಲ್ಲಿ ನನಗೆ ಬಸ್ಸು ತಪ್ಪಿದ್ದು ನೆನಪಿಲ್ಲ.

ಮಾವ ಗಲ್ಫಿಗೆ ಬಂದ ಹೊಸತರಲ್ಲಿ ಒಂದು ಸರ್ವೇ ಕಂಪನಿಯಲ್ಲಿ ಚಹಾ ಕೊಡುವ ಕೆಲಸಕ್ಕಿದ್ದರು. ಅಲ್ಲಿಯ ಸಾಹೇಬ ಇಂಗ್ಲೆಂಡಿನವನು. ಮಾವ ಅವನನ್ನು ದೊರೆ ಎನ್ನುತ್ತಾರೆ. ಸ್ಟೋರಿನ ಕೆಲಸವನ್ನೂ ಮಾವನೇ ನೋಡಿಕೊಳ್ಳುತ್ತಿದ್ದುದರಿಂದ ದೊರೆ ಅವರನ್ನು ಸ್ಟೋರ್ ಕೀಪರ್ ಮಾಡಲು ಹೊರಟ. ಆಫೀಸಿನವರು ಹತ್ತನೇ ತರಗತಿಯ ಸರ್ಟಿಫಿಕೇಟು ಕೇಳಿದರು, ಅದೂ ಅಟೆಸ್ಟ್ ಆಗಿರಬೇಕು, ಅಂದರೆ ಊರಿನ ಸರ್ಕಾರದ್ದೊಂದು ಸೀಲು, ಎಂಬೆಸಿಯದ್ದೊಂದು ಸೀಲು, ಇಲ್ಲಿಯದ್ದೊಂದು ಸೀಲು. ಮಾವ ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಸೀಲು ಹೊಡೆಸಲು ಕಾಗದವೇ ಇರಲಿಲ್ಲ. ಹೀಗಾಗಿ ವೀಸಾದಲ್ಲಿ ಕೊನೆಯವರೆಗೂ 'ಹೆಲ್ಪರ್' ಎಂದೇ ಉಳಿಯಿತು. ದೊರೆ ಊರಿಗೆ ಹೋಗುವಾಗ ತನ್ನ ಗಡಿಯಾರವನ್ನು ಮಾವನ ಕೈಗಿಟ್ಟು, ಇದು ಪರೀಕ್ಷೆಯಲ್ಲಿ ಪಾಸಾದದ್ದು, ಸರ್ಟಿಫಿಕೇಟು ಮನೆಯ ಪೆಟ್ಟಿಗೆಯಲ್ಲಿದೆ, ಕಳಿಸುತ್ತೇನೆ ಎಂದನಂತೆ. ಸರ್ಟಿಫಿಕೇಟು ಬರಲಿಲ್ಲ. ಮಾವ ಆಮೇಲೆ ಅಬುಧಾಬಿಯ ಹೊರಗಿನ ಮುಸಫ್ಫಾದಲ್ಲಿ ಕ್ಯಾಂಟೀನು ಹಾಕಿದರು, ಗ್ಯಾರೇಜಿನವರಿಗೆ ದೋಸೆ, ಮೀನು ಸಾರು ಊಟ. ಗಡಿಯಾರ ಕ್ಯಾಂಟೀನಿನ ಗಲ್ಲಾದ ಹಿಂದೆ ಮೊಳೆಗೆ ಬಂತು. ಇದು ಪಾಸಾದ ವಾಚು ಎಂದು ಮಾವ ಹೇಳುವುದು, ಸರ್ಟಿಫಿಕೇಟು ತೋರಿಸಿ ಎಂದು ಗಿರಾಕಿಗಳು ಛೇಡಿಸುವುದು, ಇದು ಅಲ್ಲಿಯ ನಿತ್ಯದ ಮಾತಾಯಿತು.

ಹೋದ ವರ್ಷ ಮಾವ ಎಲ್ಲ ಖಲಾಸ್ ಮಾಡಿದರು. ಕ್ಯಾಂಟೀನಿನ ಲೈಸೆನ್ಸ್ ರದ್ದು, ವೀಸಾ ರದ್ದು. ಅತ್ತೆ ಮೊದಲೇ ಪಡುಬಿದ್ರಿಗೆ ಹೋಗಿ ಮನೆ ಕಟ್ಟಿಸಿ ಕಾಯುತ್ತಿದ್ದರು. ವಿಮಾನ ಹತ್ತುವವರೆಗೆ ಕೆಲವು ವಾರ ನಮ್ಮಲ್ಲೇ ಇರಲಿ ಎಂದು ನಾನು ಹಟ ಹಿಡಿದು ಕರೆಸಿಕೊಂಡೆ. ಬಂದ ಮೊದಲ ದಿನವೇ ಫ್ರಿಜ್ಜಿನ ಮೇಲಿನ ಚೀಟಿ ಓದಿ, ಒಳಗೆ ಇಣುಕಿ, ನಮ್ಮೆಜಮಾನರ ಬಾಯಿಂದ ಪರೀಕ್ಷೆಯ ವಿಷಯ ಪೂರ್ತಿ ಕೇಳಿಸಿಕೊಂಡರು.

'ಪಾಸಾದರೆ ಸರ್ಟಿಫಿಕೇಟು ಕೊಡ್ತೀರಾ ಅಳಿಯನವರೇ?' ಎಂದರು.

'ಕೊಡ್ತೀವಿ ಮಾವ. ಒಳ್ಳೇ ಪೇಪರ್‌ನಲ್ಲಿ ಪ್ರಿಂಟ್ ಮಾಡ್ಸಿದೀವಿ.'

ಮಾವ ಒಳಗೆ ಹೋಗಿ ಗಡಿಯಾರ ತಂದು ಮೇಜಿನ ಮೇಲಿಟ್ಟರು. 'ನನಗಂತೂ ಒಂದು ಸರ್ಟಿಫಿಕೇಟು ಅಂತ ಆಗ್ಲಿಲ್ಲ. ಇದಕ್ಕಾದ್ರೂ ಒಂದು ಆಗ್ಲಿ. ಊರಿಗೆ ಹೋಗುವಾಗ ಹಿಡ್ಕೊಂಡು ಹೋಗ್ತೇನೆ,' ಎಂದರು.

ಅವರು ಇಷ್ಟು ನೇರವಾಗಿ ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊಡಿಸುತ್ತೇವೆ ಮಾವ ಎಂದು ನಾನೇ ಮಾತು ಕೊಟ್ಟುಬಿಟ್ಟೆ. ಪರೀಕ್ಷಾ ಮಂಡಳಿಯಲ್ಲಿ ನನಗಿದ್ದ ಸ್ಥಾನ ಬಜ್ಜಿ ಕರಿಯುವುದು ಮಾತ್ರ ಎಂಬುದು ಆಗ ನೆನಪಾಗಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡಲು ಬಂದರು. ಕಣ್ಣಿಗೆ ಒಂದು ಮಸೂರ ಸಿಕ್ಕಿಸಿಕೊಂಡು, ಹಿಂಬದಿ ತೆರೆದು, ಬಹಳ ಹೊತ್ತು ಹ್ಞೂಂಗುಟ್ಟಿದರು. ಇಂಗ್ಲಿಷ್ ಯಂತ್ರವೇ ಹೌದು, ಆದರೆ ಸಾಧಾರಣ ದರ್ಜೆಯದ್ದು, ನಿಕ್ಕಲಿನ ಕವಚ, ಮಾಡಿದವನ ಹೆಸರು ತಾವು ಕೇಳಿದ್ದಲ್ಲ ಎಂದರು. ತಾವು ಕೇಳದ ಹೆಸರು ಲೋಕದಲ್ಲಿ ಇರುವುದೇ ತಪ್ಪು ಎನ್ನುವ ಧಾಟಿ ಅದು.

'ಪ್ರಾವೆನೆನ್ಸ್ ಇಲ್ವಲ್ಲ ಸಂಜೀವ ಅವ್ರೇ, ಅಂದ್ರೆ ಎಲ್ಲಿಂದ ಬಂತು, ಯಾರದ್ದು ಅನ್ನೋ ದಾಖಲೆ. ಪೇಪರ್ಸ್ ಇಲ್ದೆ ಏನೂ ಹೇಳಕ್ಕಾಗಲ್ಲ,' ಎಂದರು.

'ಪೇಪರ್ ಇದ್ದಿದ್ರೆ ನಿಮ್ಮನ್ನು ಯಾಕೆ ಕೇಳ್ತಿದ್ದೆ?' ಎಂದರು ಮಾವ. ಅದು ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ್ದು.

ಹೇಗೋ ಸೇರಿಸಿಕೊಂಡರು. ಇಷ್ಟರಲ್ಲಿ ಅಧ್ಯಕ್ಷರಿಗೆ ಒಂದು ಆಲೋಚನೆ ಬಂತು. ಗಡಿಯಾರಗಳು ಬೇರೆ ಬೇರೆ ಡಬ್ಬಿಗಳಲ್ಲಿದ್ದರೆ ಪರೀಕ್ಷೆಗೆ ಘನತೆ ಇರುವುದಿಲ್ಲ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರಬೇಕು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅವರ ಸ್ನೇಹಿತರೊಬ್ಬರ ಕಾರ್ಖಾನೆ ಇದೆ, ಅತ್ತರು, ಊದ್‌ನಂಥ ಸುಗಂಧಗಳನ್ನು ಉಡುಗೊರೆ ಕೊಡಲು ಶ್ರೀಮಂತ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆ. ಅಲ್ಲಿಂದ ಒಂದು ಪೆಟ್ಟಿಗೆ ಬಂತು. ಹೊರಗೆ ಕಪ್ಪು ಮೆರುಗು, ಒಳಗೆ ನೀಲಿ ಮಖಮಲ್ಲು, ಒಂದೊಂದು ಕರುಳಿಗೂ ಅಳತೆಗೆ ಕತ್ತರಿಸಿದ ಗುಂಡಿ. ಮುಚ್ಚಳವನ್ನು ಸ್ವಲ್ಪ ಬಾಗಿಸಿದರೆ ಸಾಕು, ತಾನಾಗಿ ಎಳೆದುಕೊಂಡು ಟಪ್ ಎಂದು ಮುಚ್ಚಿಕೊಳ್ಳುತ್ತಿತ್ತು. ಬಳಗದವರೆಲ್ಲ ಸರದಿಯ ಮೇಲೆ ಅದನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಸಂತೋಷಪಟ್ಟರು. ಇಂಜಿನಿಯರುಗಳೇ ಜಾಸ್ತಿ ಇದ್ದ ಆ ಗುಂಪಿನಲ್ಲಿ ಮುಚ್ಚಳ ಯಾಕೆ ತಾನಾಗಿ ಮುಚ್ಚುತ್ತದೆ ಎಂದು ಯಾರೂ ಕೇಳಲಿಲ್ಲ.

ಮಾವನ ಗಡಿಯಾರ ಕವಚ ಸಮೇತ ದಪ್ಪ, ಯಾವ ಗುಂಡಿಗೂ ಹೊಂದಲಿಲ್ಲ. 'ಅದು ಸಪರೇಟಾಗೇ ಇರ್ಲಿ ಬಿಡಿ,' ಎಂದರು ಅಧ್ಯಕ್ಷರು, ನೆಂಟರನ್ನು ಎರಡನೇ ಪಂಕ್ತಿಗೆ ಕಳಿಸುವಾಗಿನ ದನಿಯಲ್ಲಿ. ನನಗೆ ಮೈ ಉರಿಯಿತು. ಖಾಲಿ ಐಸ್‌ಕ್ರೀಂ ಡಬ್ಬಿಯೊಂದನ್ನು, ಅದುವರೆಗೆ ಕರಿಬೇವು ಇಡುತ್ತಿದ್ದದ್ದನ್ನು, ತೊಳೆದು ಒರೆಸಿ, ಹಳೆಯ ಹತ್ತಿ ಸೀರೆಯ ತುಂಡು ಹಾಸಿ, ಗಡಿಯಾರ ಇಟ್ಟೆ. ಎಷ್ಟು ತೊಳೆದರೂ ಕರಿಬೇವಿನ ವಾಸನೆ ಹೋಗಲಿಲ್ಲ. ಒಳ್ಳೇದೇ ಆಯ್ತು, ಕ್ಯಾಂಟೀನಿನ ವಾಸನೆ ಅದಕ್ಕೆ ಅಭ್ಯಾಸ ಉಂಟು ಎಂದರು ಮಾವ.

ಪರೀಕ್ಷೆ ನಡೆಯಿತು. ಬೆಳಿಗ್ಗೆ ನಮ್ಮೆಜಮಾನರು ಫೋನು ಹಿಡಿದು ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂರುವರು, ಫೋನಿನ ಸಮಯಕ್ಕೆ ಹೋಲಿಸಿ ನೋಡುವರು. ಹಿಂದೆ ಮಾವ ಕೈಕಟ್ಟಿ ನಿಲ್ಲುವರು, ಆಸ್ಪತ್ರೆಯಲ್ಲಿ ಡಾಕ್ಟರು ರೌಂಡ್ಸಿಗೆ ಬಂದಾಗ ರೋಗಿಯ ಕಡೆಯವರು ನಿಲ್ಲುವ ಹಾಗೆ. ಕೀಲಿ ಕೊಡುವುದು ಮಾತ್ರ ಮಾವನೇ. ಆ ಬೀಗದ ಕೈ ಇನ್ನೂ ಉಡಿದಾರದಲ್ಲೇ ಇತ್ತು. ಮಾವನ ಗಡಿಯಾರ ದಿನಾ ಸ್ವಲ್ಪ ಹಿಂದೆ ಬೀಳುತ್ತಿತ್ತು, ಆದರೆ ಪ್ರತಿದಿನ ಅಷ್ಟೇ. ಮಲಗಿಸಿದರೂ ಅಷ್ಟೇ, ನಿಲ್ಲಿಸಿದರೂ ಹೆಚ್ಚುಕಡಿಮೆ ಅಷ್ಟೇ, ಬಾಲ್ಕನಿಯ ಸೆಕೆಗೆ ಹಾಕಿದರೂ ಅಷ್ಟೇ. ಮಖಮಲ್ಲಿನಲ್ಲಿ ಮಲಗಿದ ಮಹಾನುಭಾವರು ಮಾತ್ರ ಪೆಟ್ಟಿಗೆ ಸೇರಿದ ಮೇಲೆ ಹುಚ್ಚು ಹಿಡಿದವರಂತೆ ಓಡತೊಡಗಿದರು. ಒಂದು ಮಧ್ಯಾಹ್ನವಾಗುವ ಮೊದಲೇ ಸಂಜೆ ಮಾಡಿಕೊಂಡಿತು. ಫ್ರಿಜ್ಜಿನ ಚಳಿಗೆ ಎಣ್ಣೆ ಕೆಟ್ಟಿದೆ ಎಂದರು. ಏಸಿ ಕಾರಣ ಎಂದರು. ಕೊನೆಗೆ, ನಾನು ಬಾಗಿಲನ್ನು ಜೋರಾಗಿ ಹಾಕುತ್ತೇನೆ ಎಂಬಲ್ಲಿಗೆ ಬಂದು ನಿಂತರು. ಅಧ್ಯಕ್ಷರು ಫೋನಿನಲ್ಲಿ ಆ ಮಾತು ಹೇಳಿದ್ದು ನನಗೆ ಕೇಳಿಸಿತು. ಅವತ್ತಿನಿಂದ ನಾನು ನಿಜವಾಗಿಯೂ ಜೋರಾಗಿ ಹಾಕತೊಡಗಿದೆ.

ಆ ವಾರ ಒಂದು ಗೃಹಪ್ರವೇಶದ ಊಟಕ್ಕೆ ಇಂಟರ್‌ನ್ಯಾಷನಲ್ ಸಿಟಿಗೆ ಹೋಗಬೇಕಿತ್ತು. ಸೀರೆ ಉಡುತ್ತ ಅಡುಗೆಮನೆಗೆ ಬಂದೆ. ಭಂಗಿ ಬದಲಿಸಲೆಂದು ಪೆಟ್ಟಿಗೆಯನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟಿದ್ದರು. ಕೈಯಲ್ಲಿದ್ದ ಸೇಫ್ಟಿ ಪಿನ್ನನ್ನು ಅದರ ಪಕ್ಕ ಇಟ್ಟು ಸೆರಗು ಸರಿಮಾಡಿಕೊಂಡು ತಿರುಗುತ್ತೇನೆ, ಪಿನ್ನು ಇಲ್ಲ. ನೋಡಿದರೆ ಮುಚ್ಚಳದ ಅಂಚಿಗೆ ಹೋಗಿ ಅಂಟಿಕೊಂಡಿದೆ. 'ನೋಡಿ, ಫ್ರಿಜ್ ನುಂಗಿದ್ದು ಸಾಲದು ಅಂತ ನಿಮ್ಮ ಪೆಟ್ಟಿಗೆ ನನ್ನ ಪಿನ್ನನ್ನೂ ನುಂಗ್ತದೆ,' ಎಂದು ಗೊಣಗಿದೆ. ಬೈಯುವುದಷ್ಟೇ ನನ್ನ ಉದ್ದೇಶ. ಆದರೆ ನಮ್ಮೆಜಮಾನರ ಮುಖ ನೋಡನೋಡುತ್ತಿದ್ದಂತೆ ಸುಟ್ಟ ಬದನೆಕಾಯಿಯಾಯಿತು.

'ಮ್ಯಾಗ್ನೆಟ್ಟು,' ಎಂದರು ಮೆಲ್ಲಗೆ. ಫೋನಿನ ದಿಕ್ಸೂಚಿ ತೆರೆದು ಒಂದೊಂದು ಗಡಿಯಾರದ ಹತ್ತಿರ ಹಿಡಿದರು. ಮುಳ್ಳು ಗಿರಗಿರ ತಿರುಗಿತು. ಗಡಿಯಾರದ ಒಳಗೆ ಕೂದಲೆಳೆಯ ಹಾಗಿನ ಉಕ್ಕಿನ ಸುರುಳಿ ಇರುತ್ತದಂತೆ, ಅದಕ್ಕೆ ಅಯಸ್ಕಾಂತ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಮನಸ್ಸಿಗೆ ಬಂದಂತೆ ಓಡುತ್ತದಂತೆ. ಇದು ಗಡಿಯಾರದವರಿಗೆಲ್ಲ ಮೊದಲು ಗೊತ್ತಿರಬೇಕಾದ ಸಂಗತಿ ಎಂದು ಅವರೇ ಹೇಳಿದರು. ನಾನು ಊಟಕ್ಕೆ ಹೋಗಿ ಎರಡು ಹೋಳಿಗೆ ತಿಂದೆ, ಅಷ್ಟು ಖುಷಿಯಾಗಿತ್ತು.

ಮಾವ ಹೊರಡುವ ಹಿಂದಿನ ಸಂಜೆ ನಮ್ಮ ಹಾಲಿನಲ್ಲಿ ಸಭೆ ಸೇರಿತು. ನಾನು ಗೋಳಿಬಜೆ ಮಾಡಿದ್ದೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸೋಫಾದಲ್ಲಿ ಜಾಗವಿದ್ದರೂ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅಧ್ಯಕ್ಷರು ಗೋಳಿಬಜೆ ಮುಗಿಸಿ, ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡರು. ಪೆಟ್ಟಿಗೆ ತಂದವರು ಯಾರು ಎಂಬ ಮಾತು ಎಲ್ಲಿಯೂ ಬರಲಿಲ್ಲ. ಅವರ ಭಾಷಣದಲ್ಲಿ ಅಯಸ್ಕಾಂತ ಮಳೆಯ ಹಾಗೆ, ಬಿಸಿಲಿನ ಹಾಗೆ, ತಾನಾಗಿ ಬಂದದ್ದಾಗಿತ್ತು.

'ಸೋ, ಕಂಡೀಷನ್ಸ್ ಯೂನಿಫಾರ್ಮ್ ಇರ್ಲಿಲ್ಲ. ಆದ್ದರಿಂದ ಇಡೀ ಟ್ರಯಲ್ಲನ್ನ ಕ್ಯಾನ್ಸಲ್ ಮಾಡೋದೇ ಫೇರ್ ಅಂತ ನನ್ನ ಅಭಿಪ್ರಾಯ,' ಎಂದರು.

ಎಲ್ಲರೂ ತಲೆಯಾಡಿಸಿದರು. ನನ್ನ ಗಂಡನೂ ತಲೆ ತಗ್ಗಿಸಿ ಕೂತಿದ್ದರು, ಅದು ಆಡಿಸಿದ್ದೋ ತಗ್ಗಿಸಿದ್ದೋ ಹೇಳುವಂತಿರಲಿಲ್ಲ.

ಮಾವ ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿದರು. 'ನನ್ನದು ಪಾಸಾ, ಫೇಲಾ?'

'ಪಾಸೂ ಅಲ್ಲ, ಫೇಲೂ ಅಲ್ಲ ಸಂಜೀವ ಅವ್ರೇ. ಪರೀಕ್ಷೇನೇ ನಡೆದಿಲ್ಲ ಅಂತ ಲೆಕ್ಕ.'

'ಮತ್ತೆ ಇಷ್ಟು ದಿನ ಅದು ಫ್ರಿಜ್ಜಿನಲ್ಲಿ ಎಂತ ಮಾಡ್ತಾ ಇತ್ತು?' ಎಂದರು ಮಾವ.

ಒಬ್ಬರು ಚಟ್ನಿ ಕೇಳಿದರು. ಮಾವ ಎದ್ದು ಅಡುಗೆಮನೆಗೆ ಬಂದು, ಐಸ್‌ಕ್ರೀಂ ಡಬ್ಬಿಯಿಂದ ಗಡಿಯಾರ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹೊಟ್ಟೆಗೆ ಒತ್ತಿ ಕೀಲಿ ಕೊಟ್ಟರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಕೌಂಟರಿನಲ್ಲಿ ಕಾಗದ ತಿರುಗಿಸಿ ಕೊಟ್ಟು ನಾಳೆ ಬನ್ನಿ ಎಂದವರ ಮುಂದೆ ನಿಂತು ನಿಂತು ಅಭ್ಯಾಸವಾದ ಮುಖ ಅದು. ಅದನ್ನು ನೋಡಿ ನನಗೆ ಅಳು ಬಂತು. ಹಾಲಿನಲ್ಲಿ ಎರಡನೇ ಸಲ ಕಾಫಿಗೆ ಕಾಯುತ್ತಿದ್ದರು. ನಾನು ಕೊಡಲಿಲ್ಲ.

ಮರುದಿನ ಮಧ್ಯಾಹ್ನದ ವಿಮಾನ. ಬೆಳಿಗ್ಗೆ ಮಾವ ಕಾರ್ಟನ್ನಿಗೆ ಹಗ್ಗ ಬಿಗಿದು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯುತ್ತಿದ್ದರು. ನಮ್ಮೆಜಮಾನರು ಆಫೀಸಿಗೆ ರಜೆ ಹಾಕಿ ತಮ್ಮ ಕೋಣೆಯಲ್ಲಿ ಕೂತಿದ್ದರು. ಗೆದ್ದವರಿಗೆಂದು ಅಚ್ಚು ಹಾಕಿಸಿದ ಸರ್ಟಿಫಿಕೇಟುಗಳು ಮೇಜಿನ ಮೇಲೆ ಹಾಗೆಯೇ ಬಿದ್ದಿದ್ದವು. ನಾನು ಬಾಗಿಲಲ್ಲಿ ನಿಂತು, ನಿನ್ನೆ ಬಾಯಿ ಬಿಡದವರು ಇವತ್ತು ಯಾವ ಮುಖ ಇಟ್ಟುಕೊಂಡು ಏರ್‌ಪೋರ್ಟಿಗೆ ಬಿಡುತ್ತೀರಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ತಿರುಗಿದರು.

'ಪೆಟ್ಟಿಗೆಗೆ ಹೋಗದೆ ಇದ್ದದ್ದು ಅದೊಂದೇ ಕಣೇ. ಅಂದ್ಮೇಲೆ ಸರಿಯಾಗಿ ಪರೀಕ್ಷೆ ಆಗಿರೋದೂ ಅದೊಂದಕ್ಕೇ,' ಎಂದರು. ಪೆನ್ನು ತೆಗೆದು ಬರೆದರು. ಕೆಳಗೆ ಕಾರ್ಯದರ್ಶಿ ಎಂದಿದ್ದಲ್ಲಿ ಸಹಿ ಹಾಕಿದರು. ಇಪ್ಪತ್ತು ವರ್ಷದಿಂದ ಆ ಸಹಿ ನೋಡುತ್ತಿದ್ದೇನೆ, ಅಷ್ಟು ಸ್ಪಷ್ಟವಾಗಿ ಹಾಕಿದ್ದು ನೋಡಿರಲಿಲ್ಲ.

ಅಚ್ಚಾದದ್ದು ಇಂಗ್ಲಿಷಿನಲ್ಲಿ. ಕೆಳಗೆ ಖಾಲಿ ಜಾಗದಲ್ಲಿ ಕನ್ನಡದಲ್ಲಿ ಬರೆದಿದ್ದರು: 'ಈ ಗಡಿಯಾರವನ್ನು ಹೇಗೆ ಇಟ್ಟರೂ, ಚಳಿಯಲ್ಲಿಯೂ ಸೆಕೆಯಲ್ಲಿಯೂ, ಒಂದೇ ಸಮನೆ ನಡೆದಿದೆ ಎಂದು ಪ್ರಮಾಣೀಕರಿಸಲಾಗಿದೆ.' ವ್ಯಾಕರಣ ಸ್ವಲ್ಪ ಎಡವಿತ್ತು. ಆದರೆ ಓದುವಾಗ ನನಗೆ ಗಡಿಯಾರದ ಬಗ್ಗೆ ಓದುತ್ತಿದ್ದೇನೆ ಎಂದು ಅನಿಸಲಿಲ್ಲ. ಮುಸಫ್ಫಾದ ಸೆಕೆಯಲ್ಲಿ ದೋಸೆ ಕಾವಲಿಯ ಮುಂದೆ ನಿಂತ ಮಾವನೇ ಕಣ್ಣ ಮುಂದೆ ಬಂದರು. ನಾನು ನಮ್ಮೆಜಮಾನರ ಭುಜದ ಮೇಲೆ ಕೈಯಿಟ್ಟೆ. ಬಹಳ ಹೊತ್ತು ಇಡಲಿಲ್ಲ, ಫ್ರಿಜ್ಜಿನ ಸಿಟ್ಟು ಇನ್ನೂ ಇತ್ತು.

ಮಾವ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಮೇಲಿನಿಂದ ಕೆಳಗಿನವರೆಗೆ ನೋಡಿದರು. ತಿರುಗಿಸಿ ಹಿಂಬದಿ ನೋಡಿದರು. ಮುಖ ಸ್ವಲ್ಪ ಬಾಡಿತು.

'ಸೀಲು ಎಲ್ಲುಂಟು ಮಗ?' ಎಂದು ನನ್ನನ್ನು ಕೇಳಿದರು.

'ಸೀಲ್ ಇಲ್ಲ ಮಾವ. ಸಹಿ ಇದೆಯಲ್ಲ,' ಎಂದರು ನಮ್ಮೆಜಮಾನರು. ಬಳಗಕ್ಕೆ ಮಖಮಲ್ಲಿನ ಪೆಟ್ಟಿಗೆ ಮಾಡಿಸುವುದು ಹೊಳೆದಿತ್ತು, ಸೀಲು ಮಾಡಿಸುವುದು ಹೊಳೆದಿರಲಿಲ್ಲ.

'ಸಹಿ ಯಾರು ಬೇಕಾದ್ರೂ ಹಾಕ್ತಾರೆ ಅಳಿಯನವರೇ. ಸೀಲಿಲ್ಲದ್ದನ್ನು ಈ ಊರಲ್ಲಿ ಯಾರೂ ಮುಟ್ಟಿ ನೋಡುದಿಲ್ಲ. ಸೀಲು ಬಿದ್ರೆ ಯಾರೂ ಪ್ರಶ್ನೆ ಕೇಳುದಿಲ್ಲ.'

ಹೇಳಿದವರೇ ಅಷ್ಟು ಕಷ್ಟಪಟ್ಟು ಬಿಗಿದ ಕಾರ್ಟನ್ನಿನ ಹಗ್ಗ ಬಿಚ್ಚತೊಡಗಿದರು. ಟ್ಯಾಂಗ್ ಡಬ್ಬಿ, ಹಾಲಿನ ಪುಡಿ, ಅತ್ತೆಗೆ ಕೊಂಡ ಸೀರೆ, ನೋವಿನ ಎಣ್ಣೆಯ ಬಾಟಲಿಗಳು, ಎಲ್ಲ ಹೊರಗೆ ಬಂದವು. ತಳದಲ್ಲಿ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ರಬ್ಬರ್ ಸೀಲು. ಕ್ಯಾಂಟೀನಿನದ್ದು. ಸುತ್ತ ಅರಬ್ಬಿ, ನಡುವೆ ಇಂಗ್ಲಿಷು. ಲೈಸೆನ್ಸೇ ರದ್ದಾದ ಮೇಲೆ ಅದಕ್ಕೆ ಬೆಲೆಯಿಲ್ಲ. ಆದರೂ ಬಿಸಾಡಲು ಮನಸ್ಸು ಬಂದಿರಲಿಲ್ಲ.

ಶಾಯಿಯ ಪ್ಯಾಡು ಇರಲಿಲ್ಲ. ಸೀಲಿನ ರಬ್ಬರಿನಲ್ಲಿ ಹಳೆಯ ಶಾಯಿ ಒಣಗಿ ಕೂತಿತ್ತು. ಮಾವ ಅದನ್ನು ಬಾಯಿಯ ಹತ್ತಿರ ಹಿಡಿದು ಹಾ ಎಂದು ಬಿಸಿಯುಸಿರು ಬಿಟ್ಟರು, ಇನ್ನೊಮ್ಮೆ ಬಿಟ್ಟರು, ನಮ್ಮೆಜಮಾನರ ಸಹಿಯ ಪಕ್ಕದಲ್ಲಿ ಇಟ್ಟು ಎರಡೂ ಕೈಯಿಂದ ಒತ್ತಿ ಹಿಡಿದರು. ತೆಗೆದಾಗ ತೆಳು ನೇರಳೆ ಬಣ್ಣದಲ್ಲಿ ಅರ್ಧ ಚಂದ್ರದಷ್ಟು ಮೂಡಿತ್ತು. ಮಾವನಿಗೆ ಅಷ್ಟು ಸಾಕಾಯಿತು.

'ಈಗ ಆಯ್ತು,' ಎಂದರು. ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, 'ಯಲ್ಲಾ, ಹೊರಡುವ,' ಎಂದರು. ಕಾರ್ಟನ್ನನ್ನು ಮತ್ತೆ ನಾವು ಮೂವರೂ ಸೇರಿ ಕಟ್ಟಿದೆವು. ಮೊದಲಿನಷ್ಟು ಬಿಗಿ ಬರಲಿಲ್ಲ.

ಒಂದು ವಾರ ಕಳೆದು ಪಡುಬಿದ್ರಿಯಿಂದ ಫೋಟೋ ಬಂತು. ಹೊಸ ಮನೆಯ ಗೋಡೆ, ಒಂದು ಮೊಳೆ, ಮೊಳೆಯಲ್ಲಿ ಗಡಿಯಾರ, ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಸರ್ಟಿಫಿಕೇಟು, ಕೆಳಗೆ ಮಾವ, ಅತ್ತೆ. ನಮ್ಮೆಜಮಾನರು, ಯಾವ ಪುಣ್ಯಗಳಿಗೆಯಲ್ಲಿ ಧೈರ್ಯ ಬಂತೋ, ಅದನ್ನು ಬಳಗದ ಗ್ರೂಪಿಗೆ ಕಳಿಸಿ ಸ್ನಾನಕ್ಕೆ ಹೋದರು. ಅರ್ಧ ಗಳಿಗೆಯಲ್ಲಿ ಅಧ್ಯಕ್ಷರ ಫೋನು. ನಾನು ಎತ್ತಿದೆ.

'ಮೇಡಂ, ಆ ಸರ್ಟಿಫಿಕೇಟ್‌ಗೆ ಯಾವ ವ್ಯಾಲಿಡಿಟೀನೂ ಇಲ್ಲ. ಕಮಿಟಿ ಅಪ್ರೂವ್ ಮಾಡಿಲ್ಲ. ದಯವಿಟ್ಟು ಅವ್ರಿಗೆ ಹೇಳಿ ಅದನ್ನ ವಾಪಸ್ ತರಿಸಿಕೊಡಿ,' ಎಂದರು.

ಫ್ರಿಜ್ಜಿನ ಬಾಗಿಲಲ್ಲಿ ಆ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಕಿತ್ತು ಮುದ್ದೆ ಮಾಡುತ್ತ ಹೇಳಿದೆ.

'ಆಗುದಿಲ್ಲ ಸರ್. ಅದಕ್ಕೆ ಸೀಲು ಬಿದ್ದಾಗಿದೆ.'